ಮಳೆ ಆಡಿದ ಮಾತು

ಯಲಹಂಕದಿಂದ ಉದ್ಯೋಗನಿಮಿತ್ತ ನಗೋಯಾ ನಗರಕ್ಕೆ ಹೋದ ತರುಣನಿಗೆ ಮೊದಲ ಆರು ತಿಂಗಳು ಬಾಯಿದ್ದೂ ಮಾತಿಲ್ಲ. ವ್ಯಾಕರಣದ ಪುಸ್ತಕ ಮೂಲೆ ಸೇರಿತು. ಒಂದು ಸಂಜೆ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಅವನ ಕೈಗೆ ಸಿಕ್ಕಿದುದು, 1969ರಲ್ಲಿ ಆರಂಭವಾದ ಮಕ್ಕಳ ಚಿತ್ರಕಥೆ ‘ಡೋರೇಮಾನ್’. ಬಲದಿಂದ ಎಡಕ್ಕೆ ಓದಬೇಕು. ಆದರೆ ಚೀನೀ ಮೂಲದ ಕಠಿನ ಅಕ್ಷರಗಳ ಪಕ್ಕದಲ್ಲೇ ಉಚ್ಚಾರಣೆ ಸಣ್ಣದಾಗಿ ಮುದ್ರಿತವಾಗಿತ್ತು. 46 ಹಿರಗಾನ ಅಕ್ಷರಗಳನ್ನು ಬಲ್ಲವನು ತಡವರಿಸಿಯಾದರೂ ಓದಬಹುದು. ಗುಡುಗು ‘ಗೊರೊ ಗೊರೊ’ ಎಂದಿತು. ಮಳೆ ‘ಝಾ ಝಾ’ ಎಂದು ಸುರಿಯಿತು. ‘ಗುಡುಗುಡು’, ‘ಧೋ ಧೋ’ ಕೇಳಿ ಬೆಳೆದವನಿಗೆ ಅಲ್ಲಿ ನಿಘಂಟೇಕೆ? ಕ್ರಿಯಾಪದವೂ ನಮ್ಮಂತೆಯೇ ವಾಕ್ಯದ ಕೊನೆಯಲ್ಲಿ. ‘ತೊ’ ಎಂಬ ಒಂದಕ್ಷರ ನಮ್ಮ ‘ಎಂದು’ ಮಾಡುವ ಕೆಲಸವನ್ನೇ ಮಾಡುತ್ತಿತ್ತು.

ಧೈರ್ಯ ಹೆಚ್ಚಿತು. ಒಂದು ದಿನ ಮನೆಯೊಡತಿಯಾದ ವೃದ್ಧೆಯನ್ನು, ಕಥೆಯ ಪುಂಡ ಹುಡುಗನ ಧಾಟಿಯಲ್ಲಿ ‘ಒಮಾಯೆ’ ಎಂದುಬಿಟ್ಟನು. ಆಕೆಯ ಮುಖ ಬಿಗಿಯಿತು. ‘ನೀನು’, ‘ನೀವು’ಗಳ ನಾಡಿನವನಿಗೆ ಇದು ಹೊಳೆಯದೆ ಹೋದುದೇ ಸೋಜಿಗ! ಅಂದಿನಿಂದ, ಹಿರಿಯರೊಡನೆ ಆಡುವ ಮಾತನ್ನರಸಿ ಕಾದಂಬರಿಗಳನ್ನು ಹಿಡಿದನು. ಒಂದು ಪುಟಕ್ಕೆ ಒಂದು ಗಂಟೆ.

ಎರಡನೆಯ ಮಳೆಗಾಲದಲ್ಲಿ ತಾಯಿಯೊಡನೆ ದೂರವಾಣಿಯಲ್ಲಿ ಮಾತನಾಡುತ್ತ, “ಇಲ್ಲಿ ಝಾ ಝಾ ಎಂದು ಮಳೆ, ಅಮ್ಮಾ” ಎಂದನು.

“ಹಾಗೆಂದರೇನೋ?” ಎಂದರು ತಾಯಿ.

ನಮ್ಮ ಮಾತು ಅವನ ನಾಲಿಗೆಗೆ ಒಡನೆ ಬರಲಿಲ್ಲ.