ಆಯಿ ಕೊಟ್ಟ ಕಹಿ ಕಷಾಯ

ನವಲಗುಂದದ ಎರೆಹೊಲ ನೋಡಿ ಬೆಳೆದ ನನಗೆ ಕಲಘಟಗಿ ಅಂದ್ರೆ ಬೇರೆ ಲೋಕ. ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದರೆ ಬಯಲು ಮುಗಿದು ಭತ್ತದ ಗದ್ದೆ, ಕಾಡು ಶುರು. ತೊಟ್ಟಿಲಿಗೆ ಹೆಸರಾದ ಆ ಊರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ಆಯಿ ಇದ್ದಾಳೆ. ಅವಳ ಹಿತ್ತಲ ತುಂಬ ನೆಲಬೇವು.

ಹೋದ ಮಳೆಗಾಲದಲ್ಲಿ ಅಲ್ಲಿಗೆ ಹೋದಾಗ ನನಗೆ ಚಳಿಜ್ವರ. ಆಯಿ ನೆಲಬೇವು ಕುದಿಸಿ ತಂದಳು. "ಕಣ್ಣ ಮುಚ್ಚಿ ಕುಡಿ ತಮ್ಮಾ, ಜ್ವರ ಓಡಿ ಹೋಗ್ತೈತಿ." ಕುಡಿದು ಎರಡು ದಿನ ಕಾದೆ. ತಪ್ಪಾಗಿದ್ದು ಅಲ್ಲೇ. ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿದರೆ ವೈವಾಕ್ಸ್ ಮಲೇರಿಯಾ! ಮೂರು ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್.

ಗುಣವಾದ ಮೇಲೆ ಓದಿದೆ. ನೆಲಬೇವಿನ ಸಾರ ಲ್ಯಾಬಿನಲ್ಲಿ ಮಲೇರಿಯಾ ರೋಗಾಣುವನ್ನು ತಡೆದದ್ದುಂಟು. ಆದರೆ ಲ್ಯಾಬಿನಿಂದ ಮಾತ್ರೆಯವರೆಗಿನ ದಾರಿ ಉದ್ದ. ಚೀನಾದ ತು ಯೂಯೂ ಆ ದಾರಿ ನಡೆದವರು. ಆರ್ಟಿಮಿಸಿಯಾ ಗಿಡದ ಔಷಧಿ ಗುಣ ಬಿಸಿಗೆ ಕೆಡುತ್ತಿತ್ತು. ಈಥರ್ ಬಳಸಿ, ಕಡಿಮೆ ಬಿಸಿಯಲ್ಲಿ ತೆಗೆದ ಸಾರ 1971ರಲ್ಲಿ ಇಲಿಗಳಲ್ಲಿ ಗೆದ್ದಿತು. ರೋಗಿಗಳಿಗೆ ಕೊಡುವ ಮೊದಲು, 1972ರಲ್ಲಿ, ಅವರ ತಂಡ ತಾವೇ ಸೇವಿಸಿ ನೋಡಿತು. 2015ರಲ್ಲಿ ನೊಬೆಲ್. ಟೆಸ್ಟಿಂಗ್ ಅಂದ್ರೆ ಇದು!

"ಹಂಗಾರ ನಾ ಕುದಿಸಿದ್ದ ತಪ್ಪಾತೇನೋ?" ಅಂದಳು ಆಯಿ.

"ಅದು ಬೇರೆ ಗಿಡ, ಆಯಿ. ತಪ್ಪು ನಂದು, ಕಾಯಬಾರದಿತ್ತು."

ಈಗ ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಆಯಿ ಹೇಳೋದು ಒಂದೇ: "ಮೊದಲ ರಕ್ತ ತೋರಸ್ರಿ, ಕಷಾಯ ಆಮ್ಯಾಲೆ."