ತೆರೆ ಹಿಡಿಯುವವರ ಪಾಠ

ಕಾಪು ಪೇಟೆಯಲ್ಲಿ ಬಸ್ಸಿಳಿದು, ಹೆದ್ದಾರಿ ದಾಟಿ, ಪಡುವಣ ದಿಕ್ಕಿಗೆ ಹೆಜ್ಜೆ ಹಾಕಿದರೆ ಮೊದಲು ಸಿಗುವುದು ಉಪ್ಪಿನ ವಾಸನೆ, ಅಲೆಯ ಸದ್ದು ಆಮೇಲೆ. ಮೇ ತಿಂಗಳು. ಬೆಳಿಗ್ಗೆ ಏಳೂವರೆಗೇ ಅಂಗಿ ಬೆನ್ನಿಗೆ ಅಂಟಿದೆ. ತೆಂಗಿನ ಮರಗಳ ಮೇಲುಗಡೆ 1901ರ ದೀಪಸ್ತಂಭದ ತಲೆ ಕಾಣುತ್ತದೆ, ಆದರೆ ನೀವು ಅಷ್ಟು ದೂರ ಹೋಗುವುದಿಲ್ಲ. ದಾರಿಯಲ್ಲಿ ಬೇಸಿಗೆ ರಜೆಯಲ್ಲಿರುವ ಹಂಚಿನ ಮಾಡಿನ ಶಾಲೆಯೊಂದುಂಟು. ಬೆಂಚುಗಳೆಲ್ಲ ಜಗಲಿಗೆ ಬಂದಿವೆ. ಒಳಗೆ, ಸಿಮೆಂಟು ನೆಲದ ಮೇಲೆ, ಒಂದಷ್ಟು ಮಂದಿ ವೃತ್ತವಾಗಿ ನಿಂತಿದ್ದಾರೆ. ನಿಮಗೂ ಜಾಗ ಮಾಡಿಕೊಡುತ್ತಾರೆ. ಚಪ್ಪಲಿ ಹೊರಗೆ.

ಎಡಗಡೆ ನಿಂತ ಹುಡುಗ ರಾತ್ರಿ ದೋಣಿಯಲ್ಲಿದ್ದವನು, ಕಣ್ಣು ಇನ್ನೂ ಕೆಂಪು. ಬಲಗಡೆಯ ಅಕ್ಕ ಶಂಕರಪುರದವರು. ನಸುಕಿನಲ್ಲಿ ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡುಗಳನ್ನು ಕಟ್ಟೆಗೆ ಕೊಟ್ಟು ಬಂದಿದ್ದಾರೆ. ಬೆರಳಿನಲ್ಲಿ ಆ ಪರಿಮಳ ಉಳಿದಿದೆ. ಆಚೆ ಒಬ್ಬ ದರ್ಜಿ, ಒಬ್ಬ ಬ್ಯಾಂಕ್ ಗುಮಾಸ್ತ, ಅಂಗನವಾಡಿ ಟೀಚರ್ ಇಬ್ಬರು, ವಯರಿಂಗ್ ಕೆಲಸದವನು, ಮಣಿಪಾಲದಲ್ಲಿ ಓದುವ ಹುಡುಗಿಯರು. ಇವರಲ್ಲಿ ಮುಕ್ಕಾಲು ಮಂದಿ ಈ ನಾಟಕ ಶಿಬಿರಕ್ಕೆ ಬಂದಿರುವುದು ಪಾತ್ರ ಸಿಗುತ್ತದೆಂದು. ನಿರ್ದೇಶಕರಿಗೆ ಅದು ಗೊತ್ತು.

"ಇವತ್ತು ಯಾರಿಗೂ ಪಾತ್ರ ಇಲ್ಲ. ಕೆಲಸ ಮಾತ್ರ ಉಂಟು. ಹಗ್ಗ ಎಳೀಲಿಕ್ಕೆ, ದೀಪ ಕಟ್ಲಿಕ್ಕೆ, ತೆರೆ ಹಿಡೀಲಿಕ್ಕೆ."

ಬ್ಯಾಂಕಿನವರ ಮುಖ ಸಣ್ಣದಾಗುವುದನ್ನು ನೀವು ನೋಡುತ್ತೀರಿ.

ನಿರ್ದೇಶಕರು ಹೆಗ್ಗೋಡಿನಲ್ಲಿ ಕಲಿತವರು. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟ ಎಂಬ ಸಂಚಾರಿ ತಂಡವನ್ನೂ ಆರಂಭಿಸಿದ ಮೇಲೆ, ಕನ್ನಡನಾಡಿನ ಸಣ್ಣಸಣ್ಣ ಊರುಗಳಿಗೆ ಇಂಥವರು ಬರತೊಡಗಿದರು. ತಿರುಗಾಟದಲ್ಲಿ ರಾಜನ ಪಾತ್ರ ಮಾಡುವವನೂ ಲಾರಿಯಿಂದ ಪೆಟ್ಟಿಗೆ ಇಳಿಸಬೇಕು. ಆ ಶಿಸ್ತನ್ನೇ ಇವರು ಕಾಪುವಿಗೆ ತಂದಿದ್ದಾರೆ. ನನ್ನ ಮಟ್ಟಿಗೆ ಹವ್ಯಾಸಿ ರಂಗಭೂಮಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಟರು ಸಿಗದೆ ನಿಂತುಹೋದ ತಂಡಗಳು ಕಡಿಮೆ. ಹಿಂದೆ ನಿಲ್ಲುವವರು ದಣಿದು, ಒಬ್ಬೊಬ್ಬರಾಗಿ ಮನೆಗೆ ಹೋದ ಮೇಲೆ ಬಾಗಿಲು ಹಾಕಿದ ತಂಡಗಳೇ ಹೆಚ್ಚು.

ಮೊದಲ ಪಾಠ ಮೈಯದು. ನಂದಳಿಕೆಯ ಮುದ್ದಣ ಉಡುಪಿಯಲ್ಲಿ ವ್ಯಾಯಾಮದ ಮಾಸ್ತರರಾಗಿದ್ದದ್ದನ್ನು ನಿರ್ದೇಶಕರು ನೆನಪಿಸುತ್ತಾರೆ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ ತೀರಿಕೊಂಡ ಆ ಕವಿ ಯಕ್ಷಗಾನ ಪ್ರಸಂಗ ಬರೆದ ಕೈಯಲ್ಲೇ ಹುಡುಗರಿಗೆ ಕಸರತ್ತು ಕಲಿಸಿದವರು. "ಮೈ ಬಗ್ಗದವನ ಮಾತೂ ಬಗ್ಗುವುದಿಲ್ಲ" ಎನ್ನುತ್ತ ನಿರ್ದೇಶಕರು ಎಲ್ಲರನ್ನೂ ಎರಡು ಸಾಲು ಮಾಡುತ್ತಾರೆ. ಕೈಯಲ್ಲಿ ಏನೂ ಇಲ್ಲ. ಉದ್ದದ ಹಗ್ಗ ಇದೆಯೆಂದು ಭಾವಿಸಬೇಕು. ಕಡಲಿಂದ ಕೈರಂಪಣಿ ಬಲೆ ಎಳೆಯಬೇಕು.

ನೀವು ಎಳೆಯುತ್ತೀರಿ. ಎಲ್ಲರೂ ಎಳೆಯುತ್ತಾರೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಿರಿಯ ಮೊಗವೀರರೊಬ್ಬರಿಗೆ ತಡೆಯುವುದಿಲ್ಲ. ಅವರು ಶಿಬಿರಾರ್ಥಿ ಅಲ್ಲ, ಮೊಮ್ಮಗನನ್ನು ಬಿಡಲು ಬಂದವರು.

"ಹಾಗಲ್ಲ ಮಾರಾಯ್ರೆ, ಕೈಯಲ್ಲಿ ಎಳೆದರೆ ಬಲೆ ಬರ್ತದಾ? ಹಿಮ್ಮಡಿ ಹೊಯ್ಗೆಯಲ್ಲಿ ಊರಬೇಕು. ಸೊಂಟದಿಂದ ಬರಬೇಕು. ಮುಂದಿನವ ಹಿಂದೆ ಹೋಗ್ತಾನೆ, ಹಿಂದಿನವ ಮುಂದೆ ಬಂದು ಹಿಡಿಯಬೇಕು."

ನಿರ್ದೇಶಕರು ಬದಿಗೆ ಸರಿದು ಜಾಗ ಬಿಡುತ್ತಾರೆ. ಮುಂದಿನ ಅರ್ಧ ಗಂಟೆ ಆ ಅಜ್ಜನೇ ಗುರು. ಪರ್ಸಿನ್ ದೋಣಿಗಳು ಬಂದ ಮೇಲೆ, ಎಪ್ಪತ್ತರ ದಶಕದ ಕೊನೆಯಿಂದ, ಈ ತೀರದಲ್ಲಿ ದೊಡ್ಡ ರಂಪಣಿಗಳು ಮರೆಯಾದವು. ಊರಿಗೆ ಊರೇ ಒಂದು ಹಗ್ಗ ಹಿಡಿಯುತ್ತಿದ್ದ ಕಾಲವನ್ನು ಮೈಯಲ್ಲಿ ಉಳಿಸಿಕೊಂಡವರು ಈಗ ಹೆಚ್ಚಿಲ್ಲ. ಅಜ್ಜ ಸದ್ದು ಕೊಡುತ್ತಾರೆ. ಸದ್ದು ಎದ್ದಾಗ ಉಸಿರು, ಬಿದ್ದಾಗ ಎಳೆತ. ಹತ್ತು ನಿಮಿಷದಲ್ಲಿ ಇಲ್ಲದ ಹಗ್ಗಕ್ಕೆ ಭಾರ ಬರುತ್ತದೆ. ನಿಮ್ಮ ತೊಡೆ ನಡುಗುತ್ತಿದೆ, ಬ್ಯಾಂಕಿನವರ ಕನ್ನಡಕ ಮೂಗಿನಿಂದ ಜಾರಿದೆ. ಒಬ್ಬ ಬಿಟ್ಟರೆ ಇಡೀ ಸಾಲು ಮುಗ್ಗರಿಸುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ.

ಆಮೇಲೆ ದನಿ. ಎಲ್ಲರೂ ಕಡಲ ಬದಿಗೆ. ಹತ್ತು ಗಂಟೆ ಕಳೆದಿದೆ, ಗಾಳಿ ನೀರಿನಿಂದ ನೆಲಕ್ಕೆ ಬೀಸುತ್ತಿದೆ. ಕಡಲಿಗೆ ಬೆನ್ನು ಮಾಡಿ ಹೇಳಿದ ಮಾತನ್ನು ಗಾಳಿಯೇ ಹೊತ್ತು ತರುತ್ತದೆ. ಕಡಲಿಗೆ ಮುಖ ಮಾಡಿ ಹೇಳಿದರೆ ಅದೇ ಮಾತು ಬಾಯಿಗೇ ವಾಪಸು. ಮಣಿಪಾಲದ ಹುಡುಗಿಯೊಬ್ಬಳು ಗಂಟಲು ಹರಿಯುವ ಹಾಗೆ ಕಿರುಚುತ್ತಾಳೆ, ಮೂವತ್ತು ಹೆಜ್ಜೆ ದೂರದ ನಿಮಗೆ ಏನೂ ತಿಳಿಯುವುದಿಲ್ಲ. ದೋಣಿಯ ಹುಡುಗ ಕಿರುಚದೆ, ಮಾತನ್ನು ಬಿಡಿಸಿ ಬಿಡಿಸಿ ಎಸೆಯುತ್ತಾನೆ, ಅಕ್ಷರ ಅಕ್ಷರ ಕೇಳುತ್ತದೆ. ಅವನಿಗೆ ಇದು ದಿನನಿತ್ಯದ ಕೆಲಸ. ಅವನ ತೊಂದರೆ ಬೇರೆ: ಮನೆಮಾತು ತುಳು, ಮಹಾಪ್ರಾಣ ಬಂದಲ್ಲೆಲ್ಲ ಭೀಷ್ಮ ಬೀಷ್ಮನಾಗುತ್ತಾನೆ. ನಿರ್ದೇಶಕರು ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿದು, ಉಸಿರು ತಾಗುವವರೆಗೆ ಹೇಳಿಸುತ್ತಾರೆ. ಆದರೆ ಅವನ ಮಾತಿನ ಏರಿಳಿತವನ್ನು ಮುಟ್ಟುವುದಿಲ್ಲ. ಸರಿಯಾದದ್ದೇ. ತುಳುವಿನ ಲಯವನ್ನು ಒರೆಸಿಹಾಕಿ ಬೋಳು ಕನ್ನಡ ಕಲಿಸಿದ ಶಿಬಿರಗಳು ಎಷ್ಟು ಒಳ್ಳೆಯ ನಟರನ್ನು ಮೂಕರನ್ನಾಗಿಸಿವೆಯೋ.

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಮಿಡಿ ಉಪ್ಪಿನಕಾಯಿ. ಬಡಿಸುವವರೂ ಶಿಬಿರಾರ್ಥಿಗಳೇ, ತೊಳೆಯುವವರೂ ಅವರೇ.

ಎರಡು ಗಂಟೆಗೆ ಪಕ್ಕದ ತರಗತಿ ಚೌಕಿಯಾಗುತ್ತದೆ, ಅಂದರೆ ವೇಷ ಕಟ್ಟುವ ಕೋಣೆ. ಮೂಲೆಯಲ್ಲಿ ಗಣಪತಿ, ಮುಂದೆ ಎಣ್ಣೆಯ ದೀಪ. ಬಡಗುತಿಟ್ಟಿನ ಮೇಳದವರೂ ತೆಂಕುತಿಟ್ಟಿನ ಮೇಳದವರೂ ಓಡಾಡುವ ಸೀಮೆ ಇದು. ಯಕ್ಷಗಾನದ ಚೌಕಿಯನ್ನು ಕಾಣದೆ ಬೆಳೆದವರು ಇಲ್ಲಿ ಯಾರೂ ಇಲ್ಲ, ಆದರೆ ಅಲ್ಲಿ ಕೆಲಸ ಮಾಡಿದವರು ಇಬ್ಬರೋ ಮೂವರೋ. ಕಲಿಸಲು ಬಂದವರು ಮೇಳದಲ್ಲಿ ವೇಷ ಕಟ್ಟಿ ತಲೆ ಹಣ್ಣಾದವರು. ಬಣ್ಣವನ್ನು ವೇಷಧಾರಿ ತಾನೇ ಬರೆದುಕೊಳ್ಳುತ್ತಾನೆ, ಕಟ್ಟಲು ಮಾತ್ರ ಇನ್ನೊಬ್ಬನ ಕೈ ಬೇಕು. ಅವರು ದರ್ಜಿಯನ್ನು ಕರೆದು, ಹುಡುಗನೊಬ್ಬನ ಸೊಂಟಕ್ಕೆ ಹಗ್ಗ ಬಿಗಿಸಿ, "ಈಗ ಎರಡು ಮಾತು ಹೇಳು" ಎನ್ನುತ್ತಾರೆ. ಹುಡುಗನಿಗೆ ಮಾತೇ ಹೊರಡುವುದಿಲ್ಲ. ಸಡಿಲಿಸಿ ಕುಣಿಸುತ್ತಾರೆ. ಧಿಗಿಣದ ಮೊದಲ ಸುತ್ತಿಗೇ ಕಟ್ಟು ಜಾರುತ್ತದೆ. ಉಸಿರಿಗೂ ಜಾಗ ಇರಬೇಕು, ಸುತ್ತಿಗೂ ನಿಲ್ಲಬೇಕು. ಆ ಬಿಗಿ ಬಟ್ಟೆಯ ಅಳತೆಯಲ್ಲಿ ಸಿಗುವಂಥದ್ದಲ್ಲ, ಕಟ್ಟುವವನ ಬೆರಳಿಗೇ ತಿಳಿಯಬೇಕು. ದರ್ಜಿ ನಾಲ್ಕನೆಯ ಸಲಕ್ಕೆ ಹಿಡಿದುಬಿಡುತ್ತಾರೆ, ಹಳಬರು ಬಾಯಿತುಂಬ ಹೊಗಳುತ್ತಾರೆ.

ಇನ್ನು ತೆರೆ. ಇದಕ್ಕಾಗಿಯೇ ನೀವು ಇಲ್ಲಿಗೆ ಬಂದದ್ದೆಂದು ಆಮೇಲೆ ಅನಿಸುತ್ತದೆ.

ಎರಡು ಮೂಲೆ ಹಿಡಿದು ಇಬ್ಬರು ನಿಲ್ಲುತ್ತಾರೆ. ಹಿಂದೆ ವೇಷ. ಚೆಂಡೆಯ ಬದಲು ಮೇಜಿನ ಮೇಲೆ ಕೋಲಿನಲ್ಲಿ ತಾಳ. ಮಲ್ಲಿಗೆಯ ಅಕ್ಕ ಒಂದು ತುದಿ ಹಿಡಿದಿದ್ದಾರೆ, ಇನ್ನೊಂದು ತುದಿ ನಿಮ್ಮ ಕೈಯಲ್ಲಿ. ವೇಷ ಹಿಂದೆ ಕುಣಿಯುತ್ತಿದೆ, ಬಟ್ಟೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಂಡು ಮರೆಯಾಗುತ್ತಿದೆ. ಯಾವಾಗ ಇಳಿಸಬೇಕು? ಯಾರೂ ಹೇಳುವುದಿಲ್ಲ. ಒಂದು ಪೆಟ್ಟು ಮೊದಲೇ ನೀವು ಇಳಿಸುತ್ತೀರಿ. ಹಿಂದಿನ ವೇಷ ಬರಿ ಮನುಷ್ಯನಾಗಿ, ತೋಳು ಅರ್ಧ ಎತ್ತಿ, ಸಿಕ್ಕಿಬಿದ್ದ ಹಾಗೆ ನಿಂತಿದೆ. ಪುನಃ. ಈ ಸಲ ತಡ. ವೇಷದ ವೀರಾವೇಶ ಬಟ್ಟೆಯ ಹಿಂದೆಯೇ ಖರ್ಚಾಗಿಹೋಯಿತು. ಪುನಃ. ಅಕ್ಕ ಕಣ್ಣು ಮುಚ್ಚಿ ತಾಳ ಕೇಳುತ್ತಾರೆ. ನಿಮ್ಮ ಕಡೆ ನೋಡದೆ, ಬಟ್ಟೆಯ ಬಿಗಿಯಲ್ಲೇ ನಿಮಗೆ ಸೂಚನೆ ಕೊಡುತ್ತಾರೆ. ತೆರೆ ಬೀಳುತ್ತದೆ. ಅದೇ ಹುಡುಗ, ಅದೇ ಮಾಸಿದ ಟೀ ಶರ್ಟು, ತಲೆಗೆ ಹಳೇ ಕಿರೀಟವೊಂದೇ. ಕೋಣೆಯೊಳಗೆ ರಾಜ ನಿಂತಿದ್ದಾನೆ.

"ಈಗ ಗೊತ್ತಾಯ್ತಾ ಅಕ್ಕ," ಹಳಬರು ಕೇಳುತ್ತಾರೆ, "ರಾಜನನ್ನು ಮಾಡಿದ್ದು ಯಾರು?"

ಬಂಟ್ವಾಳ ಸೀಮೆಯ ಮಂಚಿಯಲ್ಲಿ ಹುಟ್ಟಿ, ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ ರಂಗನಿರ್ದೇಶಕ ಬಿ.ವಿ. ಕಾರಂತರ ಕಥೆಯನ್ನು ನಿರ್ದೇಶಕರು ಇಲ್ಲಿ ಹೇಳುತ್ತಾರೆ. 1979ರಲ್ಲಿ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ಮ್ಯಾಕ್‌ಬೆತ್ ನಾಟಕವನ್ನು 'ಬರ್ನಮ್ ವನ' ಎಂದು ಹಿಂದಿಯಲ್ಲಿ, ಯಕ್ಷಗಾನದ ನಡೆಯಲ್ಲಿ ಆಡಿಸಿದರು. ಷೇಕ್ಸ್‌ಪಿಯರನ ಸೇನಾಪತಿಗೆ ಹೊಂದಿದ ಕುಣಿತ ಈ ಚೌಕಿಗಳಲ್ಲಿ ಬೆಳೆದದ್ದು. ಅದನ್ನು ಶಾಲೆಯ ಕ್ರಮದಲ್ಲಿ ಕಲಿಸಲು ಉಡುಪಿಯಲ್ಲಿ ಶಿವರಾಮ ಕಾರಂತರು, ಕು.ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜಿನ ಆಸರೆಯಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಕಟ್ಟಿದರು; ಬನ್ನಂಜೆ ಸಂಜೀವ ಸುವರ್ಣರು ಅಲ್ಲಿ ದಶಕಗಳ ಕಾಲ ಹೆಜ್ಜೆ ತಿದ್ದಿದರು. 1965ರಿಂದ ಇರುವ ಉಡುಪಿಯ 'ರಂಗಭೂಮಿ' ಸಂಸ್ಥೆ ವರ್ಷವರ್ಷವೂ ನಾಟಕ ಸ್ಪರ್ಧೆ ನಡೆಸಿ ಹವ್ಯಾಸಿಗಳಿಗೆ ಗುರಿಯೊಂದನ್ನು ಕೊಟ್ಟಿತು. ಉಡುಪಿಯ ಈ ಎರಡೂ ಇಲ್ಲಿಂದ ಹತ್ತು ಹದಿನೈದು ಕಿಲೋಮೀಟರಿನೊಳಗೆ. ಇಷ್ಟು ಸಮೃದ್ಧಿಯ ನಡುವೆ ಇದ್ದೂ ತೆರೆ ಹಿಡಿಯುವವನನ್ನು 'ಹೆಲ್ಪರ್' ಎಂದು ಕರೆದು ಮುಗಿಸಿಬಿಡುವುದು ನನಗೆ ಸಹಿಸಲಾಗದ ಸಂಗತಿ.

ಸಂಜೆ ದೀಪಗಳ ಪಾಠ, ಶಾಲೆಯ ಅಂಗಳದಲ್ಲಿ. ವಯರಿಂಗಿನವನಿಗೆ ಬೆಳಿಗ್ಗೆಯಿಂದ ಇದ್ದ ಸಂಕೋಚ ಹೋಗಿದೆ. ಹಳೆಯ ಪಾರ್ ದೀಪ ಒಂದು ಸಾವಿರ ವಾಟಿನದು, 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಮೀರಿ ಎಳೆಯುತ್ತದೆ. ಮನೆಯ ಸಣ್ಣ ಪ್ಲಗ್ಗಿಗೆ ಒಂದೇ ಒಂದು, ಹದಿನಾರು ಆಂಪಿಯರಿನ ದೊಡ್ಡದಕ್ಕೆ ಮೂರು. ನಾಲ್ಕನೆಯದು ಸಿಕ್ಕಿಸಿದರೆ ನಾಟಕದ ನಡುವೆ ಕತ್ತಲೆ. ಅವನು ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾನೆ, ನಿರ್ದೇಶಕರು ಕೆಳಗೆ ಕೂತು ಕೇಳುತ್ತಾರೆ. ಕಡಲ ಗಾಳಿಯ ಉಪ್ಪು ಕ್ಲ್ಯಾಂಪಿನ ಸ್ಕ್ರೂಗಳನ್ನು ತಿಂದುಹಾಕುತ್ತದೆ. ಆದ್ದರಿಂದ ಇಲ್ಲಿ ದೀಪ ಏರಿಸುವ ಮುಂಚೆ ಪ್ರತಿಯೊಂದನ್ನೂ ತಿರುಗಿಸಿ, ಎಣ್ಣೆ ಹಾಕಿ ನೋಡಬೇಕು, ಕೊಂಡಿಗೆ ಸರಪಳಿ ಕಟ್ಟಲೇಬೇಕು. ದೋಣಿಯ ಹುಡುಗ ಅಡ್ಡಕಂಬದ ಹಗ್ಗದ ಗಂಟು ನೋಡಿ, ಮಾತಾಡದೆ ಬಿಚ್ಚಿ, ಬೇರೆ ಗಂಟು ಹಾಕುತ್ತಾನೆ. ಜಗ್ಗಿದಷ್ಟೂ ಬಿಗಿಯಾಗುವಂಥದ್ದು, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು. ಎಲ್ಲರೂ ಅವನ ಸುತ್ತ ಕೂತು ಕಲಿಯುತ್ತಾರೆ.

ಕತ್ತಲಾದ ಮೇಲೆ ಪರೀಕ್ಷೆ. ಅರಮನೆ ಹೋಗಿ ಕಾಡು ಬರಬೇಕು, ಹದಿನೈದು ಸೆಕೆಂಡಿನಲ್ಲಿ, ದೀಪವಿಲ್ಲದೆ. ನೆಲದಲ್ಲಿ ರೇಡಿಯಂ ಸ್ಟಿಕ್ಕರಿನ ಚೂರುಗಳು ಹಸಿರಾಗಿ ಹೊಳೆಯುತ್ತಿವೆ. ನಿಮಗೆ ಸಿಂಹಾಸನದ ಎಡಗಾಲು. ಮೊದಲ ಸಲ ಬ್ಯಾಂಕಿನವರು ನಿಮಗೆ ಢಿಕ್ಕಿ, ತಾಳೆಗರಿಯ ಮರ ಅಂಗನವಾಡಿ ಟೀಚರ ತಲೆಗೆ. ಮೂವತ್ತೆಂಟು ಸೆಕೆಂಡು. ಎರಡನೆಯ ಸಲ ಇಪ್ಪತ್ತಾರು. ಯಾರು ಯಾವ ಬದಿಯಿಂದ ಹೋಗಬೇಕೆಂದು ಜಗಳ ಹುಟ್ಟುತ್ತದೆ, ತೀರ್ಪು ಕೊಡುವವರು ಮಲ್ಲಿಗೆಯ ಅಕ್ಕ: "ಭಾರ ಹೊತ್ತವರು ಮೊದಲು, ಬರಿಗೈಯವರು ನಿಲ್ಲಿ." ಹದಿನೇಳು. ಹದಿನಾಲ್ಕು. ದೀಪ ಬಂದಾಗ ಕಾಡು ಎದ್ದುನಿಂತಿದೆ. ಗೇಟಿನಾಚೆ ಗುಂಪುಗೂಡಿದ್ದ ಊರ ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ರಂಗದ ಮೇಲೆ ಒಬ್ಬ ನಟನೂ ಇಲ್ಲದಿದ್ದರೂ.

ಪಾತ್ರ ಹಂಚುವುದು ನಾಳೆ. ಬ್ಯಾಂಕಿನವರು ನಿರ್ದೇಶಕರ ಬಳಿ ಹೋಗಿ, "ಸರ್, ನನಗೆ ಪಾತ್ರ ಸಿಕ್ಕಿದರೂ ಈ ಕಾಡು ಎತ್ತುವ ಕೆಲಸ ಬಿಡುವುದಿಲ್ಲ, ಆಗಬಹುದಾ?" ಎಂದು ಕೇಳುತ್ತಿರುವುದು ನಿಮ್ಮ ಕಿವಿಗೆ ಬೀಳುತ್ತದೆ. ಉತ್ತರ ಕೇಳುವ ಮೊದಲೇ ದರ್ಜಿ ನಿಮ್ಮ ಕೈಗೆ ಪಟ್ಟಿ ಕೊಟ್ಟು, ಪೆಟ್ಟಿಗೆಗೆ ಹೋಗುವ ಸಾಮಾನು ಓದಿ ಹೇಳಲು ಕೂರಿಸಿದ್ದಾರೆ. ಕ್ಲ್ಯಾಂಪು ಹನ್ನೆರಡು. ಸರಪಳಿ ಹನ್ನೆರಡು. ಕಿರೀಟ ಒಂದು. ತೆರೆಬಟ್ಟೆ ಒಂದು, ಮಡಚಿದ್ದು. ಟಾರ್ಚು ಎರಡು ಇರಬೇಕು, ಒಂದೇ ಉಂಟು. ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದಾನೆ. ಎರಡನೆಯ ಟಾರ್ಚು ಸಿಗುವವರೆಗೆ ಯಾರೂ ಹೊರಡುವುದಿಲ್ಲ ಎಂದು ಅಕ್ಕ ಗೇಟಿನ ಬಳಿ ನಿಂತಿದ್ದಾರೆ.