ಬೀಗದ ಕೈ ಯಾರ ಕೈಲಿ?

1988ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತು ಹಾಸಿಗೆ, ಇಬ್ಬರು ಡಾಕ್ಟರು, ಐದು ಜನ ಸಿಸ್ಟರುಗಳು, ಔಷಧ ಉಗ್ರಾಣಕ್ಕೆ ಒಂದೇ ಒಂದು ಬೀಗದ ಕೈ. ತುಮಕೂರು ಜಿಲ್ಲೆಯ ಬಯಲುಸೀಮೆ ಕಡೆಯ ಊರು ಅದು, ಹೆಸರು ಬೇಡ. ಬೀಗದ ಕೈ ಇರುತ್ತಿದ್ದುದು ಫಾರ್ಮಸಿಸ್ಟರ ಜೇಬಿನಲ್ಲಿ. ಸಂಜೆ ಐದಕ್ಕೆ ಅವರ ಜೊತೆ ಅದೂ ಸೈಕಲ್ ಹತ್ತಿ ಹಳ್ಳಿಗೆ ಹೋಗುತ್ತಿತ್ತು, ಬೆಳಗ್ಗೆ ಒಂಬತ್ತಕ್ಕೆ ವಾಪಸು ಬರುತ್ತಿತ್ತು. ಅವರನ್ನು ದೂರಿ ಪ್ರಯೋಜನವಿಲ್ಲ. ಸ್ಟಾಕ್ ಬುಕ್ಕಿಗೂ ಕಪಾಟಿಗೂ ಹತ್ತು ಮಾತ್ರೆ ವ್ಯತ್ಯಾಸ ಬಂದರೆ ಆಡಿಟ್‌ನವರ ಮುಂದೆ ಕೈಕಟ್ಟಿ ನಿಲ್ಲಬೇಕಾದವರು ಅವರೇ. ರಾತ್ರಿ ಯಾರಿಗೆ ಏನಾಯಿತು ಎಂದು ಕೇಳುವ ಆಡಿಟ್ ಮಾತ್ರ ಇರಲಿಲ್ಲ.

ಆಗಿನ ಕೆಲಸವೆಲ್ಲ ಕೈಯದು. ಗಾಜಿನ ಸಿರಿಂಜ್ ಕುದಿಸಬೇಕು. ಸೂಜಿಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಮೊನೆ ಬಾಗಿದೆ ಎಂದರ್ಥ. ಗ್ಲೌಸನ್ನು ತೊಳೆದು, ಗಾಳಿ ತುಂಬಿಸಿ ತೂತು ನೋಡಿ, ಹಿತ್ತಲಿನ ಹಗ್ಗಕ್ಕೆ ಒಣಹಾಕಿ, ಆಮೇಲೆ ಪೌಡರ್ ಹಚ್ಚಿ ಡ್ರಮ್ಮಿಗೆ ತುಂಬಬೇಕು. ಸಾಲಾಗಿ ನೇತಾಡುವ ಆ ಗ್ಲೌಸುಗಳಿಗೆ ರೋಗಿಗಳ ಜೊತೆ ಬಂದ ಮಕ್ಕಳು ಟಾಟಾ ಮಾಡುತ್ತಿದ್ದವು. ಇಷ್ಟೆಲ್ಲ ಮಾಡುವ ಕೈಗೆ ತಾನಾಗಿ ಒಂದು ಇಂಜೆಕ್ಷನ್ ಕೊಡುವ ಅಧಿಕಾರ ಇರಲಿಲ್ಲ. ಡಾಕ್ಟರು ಬರೆಯಬೇಕು, ನಾವು ಕೊಡಬೇಕು.

1994ರ ಮಳೆಗಾಲದ ಒಂದು ರಾತ್ರಿ ಟ್ರ್ಯಾಕ್ಟರಿನಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳನ್ನು ಕರೆತಂದರು. ಎಂಟು ತಿಂಗಳ ಬಸುರಿ, ಮುಖ ಕೈಕಾಲೆಲ್ಲ ಊದಿತ್ತು, ದಾರಿಯಲ್ಲೇ ಎರಡು ಸಲ ಫಿಟ್ಸ್ ಬಂದಿತ್ತು. ಮೂರನೆಯದು ನಮ್ಮ ಕಣ್ಣೆದುರೇ ಬಂತು. ಡ್ಯೂಟಿ ಡಾಕ್ಟರು ಪೋಸ್ಟ್‌ಮಾರ್ಟಂ ಕೇಸೊಂದಕ್ಕೆ ಹೊರಗೆ ಹೋಗಿದ್ದರು. ವಾರ್ಡಿನ ಕಪಾಟಿನಲ್ಲಿದ್ದ ಡಯಾಜೆಪಾಮ್ ಹಿಂದಿನ ದಿನವೇ ಮುಗಿದಿತ್ತು, ಉಗ್ರಾಣದಲ್ಲಿ ಬೇಕಾದಷ್ಟಿತ್ತು. ವಾಚ್‌ಮನ್ ಸೈಕಲ್ ತುಳಿದು ಬೀಗದ ಕೈ ತರಲು ಹೋದ. ಹುಡುಗಿಯ ತಾಯಿ ನನ್ನ ಸೆರಗು ಹಿಡಿದು, "ಏನಾರ ಮಾಡ್ರವ್ವ, ಸಿಸ್ಟ್ರಮ್ಮ, ಸುಮ್ಕೆ ನಿಂತ್ಕಬ್ಯಾಡಿ" ಎಂದಳು. ನಾನು ನಾಲಿಗೆ ಕಚ್ಚದಂತೆ ಹಲ್ಲಿನ ನಡುವೆ ಬಟ್ಟೆ ಸುತ್ತಿದ ಚಮಚ ಇಟ್ಟು, ಮಗ್ಗುಲಿಗೆ ಹೊರಳಿಸಿ, ಒಂದೂವರೆ ಗಂಟೆ ಕಾದೆ. ಬಾಯಿಗೆ ಏನನ್ನೂ ತುರುಕಬಾರದು ಎನ್ನುವುದೂ ನನಗೆ ತಿಳಿದದ್ದು ಎಷ್ಟೋ ಆಮೇಲೆ. ಹುಡುಗಿ ಬದುಕಿದಳು. ಮಗು ಉಳಿಯಲಿಲ್ಲ.

ಬದಲಾವಣೆ ಅಂದರೆ ಜನ ಕಂಪ್ಯೂಟರ್ ಎನ್ನುತ್ತಾರೆ. ನಾನು ಕಂಡ ಮೊದಲ ಬದಲಾವಣೆ ಬಂದದ್ದು ಒಂದು ಹಾಳೆ ಕಾಗದದಲ್ಲಿ. 2011ರಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ನಮಗೆ 21 ದಿನದ ಹೆರಿಗೆ ತರಬೇತಿ ಆಯಿತು. ಡಾಕ್ಟರು ಇಲ್ಲದ ಹೊತ್ತಿನಲ್ಲಿ ತಾಯಿಯ ಜೀವ ಉಳಿಸಲು ಕೆಲವು ಔಷಧಗಳನ್ನು ನರ್ಸುಗಳೂ ಎ.ಎನ್.ಎಂ.ಗಳೂ ಕೊಡಬಹುದು ಎಂದು ಕೇಂದ್ರ ಸರ್ಕಾರ ಅಷ್ಟರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ರಕ್ತಸ್ರಾವಕ್ಕೆ ಆಕ್ಸಿಟೋಸಿನ್, ಫಿಟ್ಸಿಗೆ ಮೆಗ್ನೀಸಿಯಂ ಸಲ್ಫೇಟ್‌ನ ಮೊದಲ ಡೋಸು. ಆ ಸಾಲನ್ನು ತರಬೇತಿಯವರು ಓದಿ ಹೇಳಿದಾಗ ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ನನ್ನ ಕಿವಿಯಲ್ಲಿ, "ಬರೆದು ಕೊಡ್ತಾರಾ ಕೇಳು" ಎಂದರು. ಬರೆದೇ ಕೊಟ್ಟರು. ಆ ಪ್ರತಿಯನ್ನು ಲೇಬರ್ ವಾರ್ಡಿನ ಗೋಡೆಗೆ ಫ್ರೇಮು ಹಾಕಿಸಿ ತೂಗುಹಾಕಿದೆವು, ದೇವರ ಫೋಟೋ ಪಕ್ಕದಲ್ಲೇ.

ಅದೇ ತರಬೇತಿಯಲ್ಲಿ ಕಲಿತದ್ದು ಪಾರ್ಟೋಗ್ರಾಫ್, ಹೆರಿಗೆ ಹೇಗೆ ಸಾಗುತ್ತಿದೆ ಎಂದು ತೋರಿಸುವ ಹಾಳೆ. ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಲ್ಲಿಂದ ಚುಕ್ಕೆ ಇಡುತ್ತಾ ಹೋಗಬೇಕು, ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ ಬರೆಯಬೇಕು. ಹಾಳೆಯಲ್ಲಿ ಎರಡು ಓರೆಗೆರೆ: ಮೊದಲನೆಯದು ಎಚ್ಚರಿಕೆಯದು, ಅದರಿಂದ ನಾಲ್ಕು ಗಂಟೆ ಬಲಕ್ಕೆ ಇರುವುದು ಕ್ರಮ ಕೈಗೊಳ್ಳಲೇಬೇಕಾದದ್ದು. ಇದರ ಮಹಿಮೆ ಡಾಕ್ಟರಿಗಿಂತ ನಮಗೆ ಚೆನ್ನಾಗಿ ಗೊತ್ತು. ಮುಂಚೆ ನಡುರಾತ್ರಿ ಕ್ವಾರ್ಟರ್ಸಿಗೆ ಆಯಮ್ಮನನ್ನು ಕಳಿಸಿ, "ಯಾಕೋ ಸರಿ ಕಾಣ್ತಿಲ್ಲ ಸಾರ್" ಎಂದರೆ, "ಇನ್ನೂ ಸ್ವಲ್ಪ ನೋಡಿ ಸಿಸ್ಟರ್" ಎಂಬ ಉತ್ತರ ಬರುತ್ತಿತ್ತು. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದವಳ ಅಂದಾಜಿಗೆ ಅಷ್ಟೇ ಬೆಲೆ. ಹಾಳೆ ಬಂದ ಮೇಲೆ ಫೋನಿನಲ್ಲಿ, "ಸಾರ್, ಎಚ್ಚರಿಕೆ ಗೆರೆ ದಾಟಿದೆ, ಹನ್ನೊಂದೂವರೆಗೆ ಬರೆದಿದ್ದೇನೆ" ಎಂದರೆ ಸಾಕು, ಹತ್ತು ನಿಮಿಷದಲ್ಲಿ ಚಪ್ಪಲಿ ಸದ್ದು ಕೇಳಿಸುತ್ತಿತ್ತು. ನನ್ನ ಕಣ್ಣು ಮೊದಲೂ ಅದನ್ನೇ ಕಾಣುತ್ತಿತ್ತು. ಕಂಡದ್ದಕ್ಕೆ ಸಾಕ್ಷಿ ಕೊಟ್ಟದ್ದು ಆ ಹಾಳೆ.

ಮರು ವರ್ಷ ಇನ್ನೊಬ್ಬಳು ಬಂದಳು, ಅದೇ ಊತ, ಅದೇ ಫಿಟ್ಸು. ನಾನು ಯಾರನ್ನೂ ಕಾಯಲಿಲ್ಲ. ಮೆಗ್ನೀಸಿಯಂ ಸಲ್ಫೇಟಿನ ಒಂದು ಆಂಪೂಲಿನಲ್ಲಿ ಎರಡು ಎಂ.ಎಲ್., ಅಂದರೆ ಒಂದು ಗ್ರಾಂ. ಹತ್ತು ಆಂಪೂಲು ಬೇಕು. ಒಂದೊಂದರ ಕತ್ತು ಮುರಿಯುವಾಗಲೂ ಟಕ್ ಎಂದು ಸದ್ದು. ಆಯಮ್ಮ ಟಾರ್ಚ್ ಹಿಡಿದು ಎಣಿಸುತ್ತಿದ್ದಳು. ಐದು ಗ್ರಾಂ ಒಂದು ಕುಂಡೆಗೆ, ಐದು ಇನ್ನೊಂದಕ್ಕೆ, ಸೂಜಿ ಆಳಕ್ಕೆ ಹೋಗಬೇಕು. ಕೊಟ್ಟ ಮೇಲೆ ಉಸಿರು ಎಣಿಸಿದೆ, ಮಂಡಿಗೆ ತಟ್ಟಿ ಕಾಲು ಎಗರುತ್ತದೆಯೇ ನೋಡಿದೆ. ಅಷ್ಟರಲ್ಲಿ 108 ಬಂದಿತ್ತು. ಆ ಆಂಬುಲೆನ್ಸ್ 2008ರ ರಾಜ್ಯೋತ್ಸವದ ದಿನ ಶುರುವಾದದ್ದು. ಅದಿಲ್ಲದ ಕಾಲದಲ್ಲಿ ನಾವು ರೆಫರ್ ಎಂದು ಬರೆದು ಕೊಡುತ್ತಿದ್ದುದು ಎಷ್ಟೋ ಸಲ ಬರೀ ಚೀಟಿಯೇ ಆಗಿತ್ತು. ಒಂದು ವಾರದ ನಂತರ ಅವಳ ಅತ್ತೆ ಬಂದು, ಎರಡೂ ಜೀವ ಚೆನ್ನಾಗಿವೆ ಎಂದು ಹೇಳಿ ಎರಡು ಸೇರು ಹುರುಳಿ ಕೊಟ್ಟು ಹೋದಳು. ಬೇಡವೆನ್ನಲು ಮನಸ್ಸಾಗಲಿಲ್ಲ.

ಇನ್ನು ಕಂಪ್ಯೂಟರಿನ ಕಥೆ. ಮೊದಲನೆಯದು ಬಂದಾಗ ಆಫೀಸಿನ ರೂಮಿನಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದರು. ಒಳಗೆ ಹೋಗಲು ಚಪ್ಪಲಿ ಬಿಡಬೇಕು, ಆಯುಧ ಪೂಜೆಗೆ ಅದಕ್ಕೂ ಕುಂಕುಮ. ಆಮೇಲೆ ತಾಯಿ ಕಾರ್ಡಿನ ನಂಬರು, ಪೋರ್ಟಲು, ಒಂದರ ಹಿಂದೆ ಒಂದು ಆ್ಯಪು. ರಿಜಿಸ್ಟರುಗಳು ಹೋಗುತ್ತವೆ ಎಂದರು. ಹೋಗಲಿಲ್ಲ. ಒಮ್ಮೆ ಸಿಟ್ಟಿಗೆ ಎಣಿಸಿದೆ: ಒಂದು ಹೆರಿಗೆಯನ್ನು ಎಂಟು ಕಡೆ ಬರೆದಿದ್ದೆ, ಅದರಲ್ಲಿ ಮೂರು ನನ್ನ ಸ್ವಂತ ಫೋನಿನಲ್ಲಿ, ನನ್ನದೇ ಡೇಟಾದಲ್ಲಿ.

ಎನ್.ಐ.ಸಿ.ಯ ಇ-ಹಾಸ್ಪಿಟಲ್ ತಂತ್ರಾಂಶ ಬಂದ ಮೇಲೆ ಓಪಿ ಚೀಟಿ, ಲ್ಯಾಬ್ ರಿಪೋರ್ಟ್ ಎಲ್ಲ ಅದರೊಳಗೆ ಹೋದವು. ಒಳ್ಳೆಯದೇ. ಆದರೆ ಪಾಸ್‌ವರ್ಡ್ ಇದ್ದದ್ದು ಡೇಟಾ ಎಂಟ್ರಿ ಹುಡುಗನ ಹತ್ತಿರ. ಹೊರಗುತ್ತಿಗೆ ಹುಡುಗ, ಸಂಜೆ ಐದಕ್ಕೆ ಬೈಕ್ ಹತ್ತಿ ಹೋಗುತ್ತಿದ್ದ. ಡೆಂಗಿ ಸೀಸನ್ನಿನಲ್ಲಿ ಒಂದು ರಾತ್ರಿ ಆರು ವರ್ಷದ ಮಗುವಿಗೆ ಮೂಗಿನಲ್ಲಿ ರಕ್ತ ಬಂತು. ಸಂಜೆ ತೆಗೆದ ರಕ್ತದ ರಿಪೋರ್ಟ್ ಕಂಪ್ಯೂಟರಿನಲ್ಲಿತ್ತು. ತೆರೆಯಲು ನನಗೆ ಲಾಗಿನ್ ಇರಲಿಲ್ಲ. ಮನೆಗೆ ಹೋಗಿದ್ದ ಲ್ಯಾಬ್ ಟೆಕ್ನಿಷಿಯನ್‌ಗೆ ಫೋನ್ ಹಚ್ಚಿದೆ. ಅವರು ನೆನಪು ಮಾಡಿಕೊಂಡು, "ಪ್ಲೇಟ್‌ಲೆಟ್ ಇಪ್ಪತ್ತೆಂಟು ಸಾವಿರ ಸಿಸ್ಟರ್" ಎಂದರು. ಕಾಗದ ಹುಡುಕುವಷ್ಟು ವ್ಯವಧಾನವಿಲ್ಲದೆ ಅಂಗೈ ಮೇಲೆ ಬರೆದುಕೊಂಡು ಡಾಕ್ಟರ ಹತ್ತಿರ ಓಡಿದೆ. ಮಗು ತುಮಕೂರಿಗೆ ಹೋಗಿ ಹುಷಾರಾಯಿತು. ಬೆಳಗ್ಗೆ ಕೈ ತೊಳೆಯುವಾಗ 1994ರ ಸೈಕಲ್ ನೆನಪಾಯಿತು.

ಆ ವರ್ಷ ಬಂದ ಆಡಳಿತ ವೈದ್ಯಾಧಿಕಾರಿ ಒಬ್ಬರು ಮೇಡಂ. ಮೊದಲ ಮೀಟಿಂಗಿಗೆ ಸಿಸ್ಟರುಗಳ ಜೊತೆ ಗ್ರೂಪ್ ಡಿ ನೌಕರರನ್ನೂ ಕರೆದು ಕುರ್ಚಿ ಹಾಕಿಸಿದರು. "ರಾತ್ರಿ ನಿಮ್ಮ ಕೈ ಎಲ್ಲಿ ಕಟ್ಟಿಹೋಗುತ್ತೆ, ಅದನ್ನಷ್ಟೇ ಹೇಳಿ" ಎಂದರು. ಐದು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಕೇಳಿಸಿಕೊಂಡು ಅಭ್ಯಾಸವಿಲ್ಲದವರಿಗೆ ಹೇಳುವ ಅಭ್ಯಾಸವೂ ಇರುವುದಿಲ್ಲ. ಆಮೇಲೆ ನಾನು ಅಂಗೈ ಕಥೆ ಹೇಳಿದೆ. ಮೂರೂ ಶಿಫ್ಟಿನ ಸಿಸ್ಟರುಗಳಿಗೆ ಲಾಗಿನ್ ಬಂತು. ಗಂಡಾಂತರದ ರಿಪೋರ್ಟ್ ಇದ್ದರೆ ಲ್ಯಾಬಿನವರು ಮನೆಗೆ ಹೊರಡುವ ಮುಂಚೆ ವಾರ್ಡಿಗೆ ಫೋನ್ ಮಾಡಿ ಹೇಳಲೇಬೇಕು ಎಂದಾಯಿತು. ಎರಡು ರಿಜಿಸ್ಟರ್ ಅಂದೇ ಕಟ್ಟಿಟ್ಟರು.

ಕೊನೆಗೆ ಬಾಯಿ ಬಿಟ್ಟವಳು ನಮ್ಮ ಆಯಮ್ಮ. "ಮೇಡಮ್ಮೋರೆ, ರಕ್ತ ಹೋಗ್ತಿರುವಾಗ ಆ ಟ್ರೇ ತಾ ಅಂತಾರೆ. ಎಲ್ಲಾ ಟ್ರೇನೂ ಒಂದೇ ತರ ಅವೆ. ನಂಗೆ ಓದಕ್ಕೆ ಬರಲ್ಲ, ಬಣ್ಣ ಗೊತ್ತಾಗ್ತದೆ." ಮರುದಿನ ರಕ್ತಸ್ರಾವದ ಟ್ರೇಗೆ ಕೆಂಪು ಟೇಪು, ಫಿಟ್ಸಿನದಕ್ಕೆ ಹಳದಿ, ಮಗುವಿನದಕ್ಕೆ ನೀಲಿ. ನಮ್ಮ ಆಸ್ಪತ್ರೆಗೆ ಬಂದ ತಂತ್ರಜ್ಞಾನದಲ್ಲೆಲ್ಲ ಕಡಿಮೆ ಖರ್ಚಿನದು ಅದೇ, ಒಂದು ದಿನವೂ ಕೆಟ್ಟು ನಿಲ್ಲದ್ದೂ ಅದೇ. ತುರ್ತು ಔಷಧದ ಬೀರುವಿಗೆ ಬೀಗ ತೆಗೆದು ಕಾಗದದ ಸೀಲ್ ಅಂಟಿಸಿದ್ದೂ ಆಗಲೇ: ಬೇಕಾದವರು ಹರಿಯಬಹುದು, ಹರಿದವರು ಹೆಸರು ಬರೆಯಬೇಕು, ಬೆಳಗ್ಗೆ ತುಂಬಿಸಿ ಹೊಸ ಸೀಲ್ ಅಂಟಿಸಬೇಕು. ಮಾರ್ಫಿನ್‌ನಂಥವಕ್ಕೆ ಬೀಗ ಇರಲೇಬೇಕು, ಅದು ಬೇರೆ ಮಾತು. ಕಳ್ಳತನ ಆಗುತ್ತದೆ ಎಂದು ಹೆದರಿಸಿದವರಿದ್ದರು. ನಾನಿದ್ದಷ್ಟು ಕಾಲ ಒಂದು ಆಂಪೂಲೂ ಲೆಕ್ಕ ತಪ್ಪಲಿಲ್ಲ.

ಯಂತ್ರ ನಮ್ಮ ಕಳ್ಳಾಟವನ್ನೂ ಹಿಡಿಯಿತು, ಅದನ್ನು ಮುಚ್ಚಿಡಬಾರದು. ಲಸಿಕೆಯ ಫ್ರಿಜ್ಜು 2ರಿಂದ 8 ಡಿಗ್ರಿಯೊಳಗೆ ಇರಬೇಕು, ದಿನಕ್ಕೆರಡು ಸಲ ನೋಡಿ ಬರೆಯಬೇಕು. ಮುಚ್ಚಳ ತೆಗೆಯದೆಯೇ '4' ಎಂದು ಬರೆದ ದಿನಗಳು ನನ್ನ ಲೆಕ್ಕದಲ್ಲೂ ಇವೆ. ಲಸಿಕೆಯ ಮೇಲೆ ನಿಗಾ ಇಡುವ ಇವಿನ್ ವ್ಯವಸ್ಥೆ ಬಂದ ಮೇಲೆ ಒಳಗೆ ಕೂತ ಸೆನ್ಸರೇ ಮೊಬೈಲಿಗೆ ಸಂದೇಶ ಕಳಿಸತೊಡಗಿತು. ಒಮ್ಮೆ ಕರೆಂಟ್ ಹೋಗಿ ಜನರೇಟರ್ ಹತ್ತದಿದ್ದಾಗ ಅದು ಕೂಗಿದ್ದರಿಂದಲೇ ಅಷ್ಟೂ ಲಸಿಕೆಯನ್ನು ಐಸ್‌ಪ್ಯಾಕ್ ಡಬ್ಬಿಗೆ ಸಾಗಿಸಿ ಉಳಿಸಿಕೊಂಡೆವು.

2023ರ ನವೆಂಬರಿನಲ್ಲಿ ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ನನ್ನ ಸರ್ವೀಸಿನ ಕೊನೆಯ ತಿಂಗಳುಗಳು. ಒಂದು ದಿನ ಬೆಳಗಿನ ಜಾವ ಮೂರು ಮುಕ್ಕಾಲಿಗೆ ತೆಂಗಿನ ತೋಟದ ಯಜಮಾನರೊಬ್ಬರು ಎದೆ ಹಿಡಿದುಕೊಂಡು ಬಂದರು. "ಗ್ಯಾಸು ಕಣಮ್ಮ, ಒಂದು ಮಾತ್ರೆ ಕೊಡಿ, ಹೋಗ್ತೀನಿ" ಎಂದು ಅವರದೇ ರೋಗನಿರ್ಣಯ. ಡ್ಯೂಟಿಯಲ್ಲಿದ್ದ ಹುಡುಗಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಷ್ಟೆ. ಮಾತಿಗೆ ಮರುಳಾಗದೆ ಮಲಗಿಸಿ, ಎದೆಗೂದಲು ಬೋಳಿಸಿ, ಇಸಿಜಿ ಲೀಡ್ ಅಂಟಿಸಿದಳು. ಚಿತ್ರ 'ಹಬ್' ಎನ್ನುವ ದೊಡ್ಡಾಸ್ಪತ್ರೆಯ ಹೃದಯ ತಜ್ಞರಿಗೆ ಹೋಯಿತು. ನಾನು ಗಡಿಯಾರ ನೋಡುತ್ತಾ ನಿಂತಿದ್ದೆ. ಉತ್ತರ ಬರುವಷ್ಟರಲ್ಲಿ ಅವಳು ತೂಕ ಕೇಳಿ ಬರೆದು, ಔಷಧ ತೆಗೆದಿಟ್ಟು, ಡಾಕ್ಟರನ್ನು ಎಬ್ಬಿಸಿಯಾಗಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್, ಹೊರಗೆ ಕೊಂಡರೆ ಹತ್ತಾರು ಸಾವಿರದ ಇಂಜೆಕ್ಷನ್. ತೂಕಕ್ಕೆ ತಕ್ಕಷ್ಟು ಒಂದೇ ಸಲಕ್ಕೆ ರಕ್ತನಾಳಕ್ಕೆ ಕೊಟ್ಟರು. ಬೆಳಕು ಹರಿಯುವಾಗ ಯಜಮಾನರು ಕಾಫಿ ಕೇಳಿದರು. ಕೊಡಲಿಲ್ಲ, ಆಂಬುಲೆನ್ಸ್ ಹತ್ತಿಸಿ ಕಳಿಸಿದೆವು.

ಆ ಹುಡುಗಿ ಅಂದು ರಾತ್ರಿ ನೋಡಿಕೊಳ್ಳುತ್ತಿದ್ದುದು ಮೂವತ್ತೆಂಟು ರೋಗಿಗಳನ್ನು. ಇಸಿಜಿ ಮುಂದೆ ಅವಳು ನಿಂತಿದ್ದ ಹೊತ್ತು ವಾರ್ಡಿಗೆ ಆಯಮ್ಮನೇ ಸಿಸ್ಟರು. ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ನಾವೀಗ ಶುಶ್ರೂಷಾಧಿಕಾರಿಗಳು. ಹೆಸರು ಚೆನ್ನಾಗಿದೆ, ಖಾಲಿ ಹುದ್ದೆ ಖಾಲಿಯಾಗಿಯೇ ಇದೆ. ಹೊಸ ಆ್ಯಪ್ ತರುವ ಸಾಹೇಬರು ಬೆಳಗ್ಗೆ ಹನ್ನೊಂದಕ್ಕೆ ಬಂದು, ಪ್ರೊಜೆಕ್ಟರ್ ಹಾಕಿ, ಊಟಕ್ಕೆ ಮುಂಚೆ ಹೊರಡುತ್ತಾರೆ. ರಾತ್ರಿ ಎಂಟಕ್ಕೆ ಬಂದು ಬೆಳಗ್ಗೆ ಎಂಟರವರೆಗೆ ಕೂತವರನ್ನು ನಾನು ಮೂವತ್ತಾರು ವರ್ಷದಲ್ಲಿ ಒಬ್ಬರನ್ನೂ ಕಾಣಲಿಲ್ಲ.

2024ರಲ್ಲಿ ನಿವೃತ್ತಿಯಾದೆ. ಶಾಲು, ಹಾರ, ಫೋಟೋ ಮುಗಿದ ಮೇಲೆ ಚಾರ್ಜ್ ಒಪ್ಪಿಸುವ ಕೆಲಸ. ನನ್ನ ಲಾಗಿನ್ ಅಲ್ಲೇ ಮುಚ್ಚಿಸಿದರು. ಪಟ್ಟಿ ಹಳೆಯ ನಮೂನೆಯದು: ಲೇಬರ್ ವಾರ್ಡಿನ ಸಾಮಾನುಗಳಲ್ಲಿ 'ತುರ್ತು ಔಷಧ ಬೀರು – 1' ಎಂದಿತ್ತು, ಅದರ ಪಕ್ಕ 'ಬೀಗದ ಕೈ –' ಎಂದು ಜಾಗ ಬಿಟ್ಟಿತ್ತು. ಅಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿ ಬಂದೆ.